ಏಡಿ ಫ್ಲೈ ಮೊದಲು ನೆಟ್ಟಗೆ ಮುಳುಗಬೇಕು

ಅಮೆರಿಕದ ಫ್ಲೋರಿಡಾ ಕೀಸ್ ದ್ವೀಪಗಳಲ್ಲಿ, ಮಧ್ಯ ಅಮೆರಿಕದ ಬೆಲೀಜ್‌ನಲ್ಲಿ ಮೊಣಕಾಲುದ್ದ ನೀರು ನಿಂತ ಸಮುದ್ರಹುಲ್ಲಿನ ಬಯಲುಗಳಿವೆ. ಉಬ್ಬರ ಏರುವ ಹೊತ್ತಿಗೆ ಪರ್ಮಿಟ್ ಮೀನು ಅಲ್ಲಿಗೆ ಮೇಯಲು ಬರುತ್ತದೆ. ತಲೆ ಕೆಳಗೆ ಹಾಕಿ ದಪ್ಪ ತುಟಿಯಿಂದ ಹುಲ್ಲಿನ ಬುಡ ಕೆದಕುವಾಗ ಅದರ ಬಾಲ ನೀರಿನಿಂದ ಆಚೆ ಬಂದು ಅಲ್ಲಾಡುತ್ತದೆ: ಕಪ್ಪಗೆ, ತೆಳ್ಳಗೆ, ಎರಡು ಕುಡುಗೋಲು ಜೋಡಿಸಿಟ್ಟ ಹಾಗೆ. ವೈಜ್ಞಾನಿಕ ಹೆಸರು ಟ್ರಾಕಿನೋಟಸ್ ಫಾಲ್ಕೇಟಸ್. ಲ್ಯಾಟಿನ್ನಿನಲ್ಲಿ ಫಾಲ್ಕೇಟಸ್ ಅಂದರೆ ಕುಡುಗೋಲಿನಾಕಾರದ್ದು ಎಂದೇ ಅರ್ಥ. ನಮ್ಮ ಕರಾವಳಿಯಲ್ಲಿ ಸಿಗುವ, ಈಗ ಪಂಜರದಲ್ಲೂ ಸಾಕುವ ಪೊಂಪಾನೊ ಇದೇ ಟ್ರಾಕಿನೋಟಸ್ ಕುಲದ್ದು.

ಪರ್ಮಿಟ್ ಹುಡುಕುವುದು ಹೆಚ್ಚಾಗಿ ಏಡಿಯನ್ನು. ಸಿಕ್ಕ ಏಡಿಯನ್ನು ಗಂಟಲೊಳಗಿನ ಗಟ್ಟಿ ಫಲಕಗಳ ನಡುವೆ ಅರೆದು ನುಂಗುತ್ತದೆ. ಕೊಕ್ಕೆಯ ಮೇಲೆ ಗರಿ, ನೂಲು, ರಬ್ಬರ್ ಕಟ್ಟಿ ಆ ಏಡಿಯ ಹುಸಿ ರೂಪ, ಅಂದರೆ ಏಡಿ ಫ್ಲೈ, ಮಾಡಿ ಈ ಮೀನನ್ನು ಒಪ್ಪಿಸುವುದು ಫ್ಲೈ ಫಿಶಿಂಗ್‌ನ ಅತಿ ಕಷ್ಟದ ಕೆಲಸಗಳಲ್ಲಿ ಒಂದು. ಹತ್ತಿರ ಬಂದು, ನೋಡಿ, ಹಿಂದೆಯೇ ಬಂದು, ಕೊನೆಗೆ ಮುಖ ತಿರುಗಿಸಿ ಹೋಗುತ್ತದೆ. ಆಗ ಬಣ್ಣ ಸರಿಯಿಲ್ಲ, ಕಾಲು ಕಡಿಮೆಯಾಯಿತು ಎಂದು ಜನ ಫ್ಲೈ ಬದಲಿಸುತ್ತಾರೆ. ತಪ್ಪು ಸಾಮಾನ್ಯವಾಗಿ ಬಣ್ಣದಲ್ಲಿ ಇರುವುದಿಲ್ಲ, ಫ್ಲೈ ಮುಳುಗಿದ ರೀತಿಯಲ್ಲಿರುತ್ತದೆ.

ಮಲ್ಪೆ, ಗಂಗೊಳ್ಳಿ ಕಡೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಲೆಯಿಂದ ಜಾರಿದ ಮೂರು ಚುಕ್ಕೆ ಏಡಿ ನೀರಿಗೆ ಬಿದ್ದೊಡನೆ ಒಂದು ಪಕ್ಕ ಮುಂದು ಮಾಡಿಕೊಂಡು ಓರೆಯಾಗಿ ತಳಕ್ಕೆ ಧಾವಿಸುತ್ತದೆ. ತಳ ಮುಟ್ಟಿದರೆ ಹುಟ್ಟಿನಂಥ ಹಿಂಗಾಲು ಬೀಸಿ, ಹಿಂಬದಿಯಿಂದ ಮರಳಿಗೆ ಇಳಿದು, ಕಣ್ಣಷ್ಟೇ ಹೊರಗಿಟ್ಟು ಸುಮ್ಮನಾಗುತ್ತದೆ. ಹೂತುಕೊಳ್ಳಲು ಸಮಯ ಸಿಗದಿದ್ದರೆ ಇಕ್ಕಳ ಎತ್ತಿ ಎದುರು ನಿಲ್ಲುತ್ತದೆ. ಫ್ಲೋರಿಡಾದ ನೀಲಿ ಏಡಿಯೂ ಇದೇ ಪೋರ್ಟುನಿಡೇ ಕುಟುಂಬದ್ದು, ನಡತೆಯೂ ಅದೇ. ಜೀವಮಾನವೆಲ್ಲ ಏಡಿ ಅಟ್ಟಿದ ಮೀನಿಗೆ ಒಂದು ವಿಷಯ ಖಚಿತವಾಗಿ ಗೊತ್ತು: ಹೆದರಿದ ಏಡಿ ಕೆಳಗೆ ಹೋಗುತ್ತದೆ. ನಡುನೀರಿನಲ್ಲಿ ತೇಲಾಡುವುದು, ಮಗುಚಿ ಬೀಳುವುದು, ತಳದಲ್ಲಿ ಕುಪ್ಪಳಿಸುವುದು ಏಡಿಯಲ್ಲ.

ಹಾಗಾಗಿ ಏಡಿ ಫ್ಲೈ ಕಟ್ಟಲು ಕುಳಿತಾಗ ಏಡಿಯ ಚಿತ್ರ ಬರೆಯುತ್ತಿದ್ದೇವೆ ಎಂದುಕೊಳ್ಳಬಾರದು. ಮೆಲ್ಲಗೆ ಬಿದ್ದು, ಓರೆಯಾಗಿ ಇಳಿದು, ಸರಿಯಾದ ಮಗ್ಗುಲಲ್ಲಿ ತಳ ಸೇರುವ ಒಂದು ಭಾರವನ್ನು ತಯಾರಿಸುತ್ತಿದ್ದೇವೆ. ಜಿಂಕೆ ಕೂದಲನ್ನು ಒತ್ತಾಗಿ ಕಟ್ಟಿ ಕತ್ತರಿಸಿದ ಹಳೆಯ ಏಡಿಗಳು ಕೈಯಲ್ಲಿ ಹಿಡಿದು ನೋಡಲು ತುಂಬಾ ಚೆಂದ. ಆದರೆ ಆ ಕೂದಲು ಟೊಳ್ಳು, ಒಳಗೆ ಗಾಳಿ. ಮುಳುಗಿಸಲು ಹೊಟ್ಟೆಗೆ ಸೀಸ ಮೆತ್ತಬೇಕು, ಸೀಸ ಹೆಚ್ಚಿದರೆ ಕಲ್ಲೆಸೆದಂತೆ ಸದ್ದು. ಈ ಗಂಟನ್ನು ಬಿಡಿಸಿದವರು ಅಮೆರಿಕದ ಫ್ಲೈ ಮೀನುಗಾರ ಡೆಲ್ ಬ್ರೌನ್. ಅವರ ಮರ್ಕಿನ್ ಫ್ಲೈಯ ಮೈ ಜಮಖಾನೆ ಹೆಣೆಯುವ ಒರಟು ನೂಲಿನದು, ಭಾರವೆಲ್ಲ ಮೂತಿಯಲ್ಲಿ, ಅಂದರೆ ಕೊಕ್ಕೆಯ ಉಂಗುರದ ಕಡೆ. ಫ್ಲೈಯಲ್ಲಿ ಅವರು ಹಿಡಿದ ಪರ್ಮಿಟ್‌ಗಳು 500ಕ್ಕೂ ಹೆಚ್ಚು. ಒಂದು ಪರ್ಮಿಟ್‌ಗಾಗಿ ವರ್ಷಗಟ್ಟಲೆ ಕಾಯುವವರಿರುವಾಗ ಇದು ಎಂಥ ಸಂಖ್ಯೆ ಎಂದು ಊಹಿಸಬಹುದು. ಇವತ್ತಿನ ಬಹಳಷ್ಟು ಏಡಿ ಫ್ಲೈಗಳು ಈ ಮರ್ಕಿನ್‌ನ ಮಕ್ಕಳು, ಮೊಮ್ಮಕ್ಕಳು. ಕಲಿಯುವುದಾದರೆ ಇದರಿಂದಲೇ ಶುರು ಮಾಡಿ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಉಪ್ಪುನೀರಿಗೆ ತಾಳುವ, ಗಟ್ಟಿ ತಂತಿಯ 2 ನಂಬರ್ ಅಥವಾ 1/0 ಕೊಕ್ಕೆ. 210 ಡೀನಿಯರ್ ದಪ್ಪದ ಚಪ್ಪಟೆ ನೈಲಾನ್ ದಾರ, ಗಿಳಿಹಸಿರು ಬಣ್ಣ. ಡಂಬೆಲ್ ಆಕಾರದ ಸೀಸದ ಕಣ್ಣು. ಬಾಲಕ್ಕೆ ಮುತ್ತಿನ ಬಣ್ಣದ ಮಿಂಚುಪಟ್ಟಿ 6 ಎಳೆ, ಹುಂಜದ ಕತ್ತಿನ ಕಂದು ಅಥವಾ ಪಟ್ಟೆ ಗರಿ 6. ಗರಿಗೆ ಇಂಡಿಯನ್ ಕೇಪ್ ಎಂದು ಜಗತ್ತಿನ ಫ್ಲೈ ಅಂಗಡಿಗಳಲ್ಲಿ ಮಾರುವ ಅಗ್ಗದ ಗರಿಯೇ ಸಾಕು, ದುಬಾರಿಯದು ಬೇಡ. ಅಗಲವಾಗಿ, ಮೆತ್ತಗಿರುವ ಗರಿಯೇ ಇಲ್ಲಿ ಲೇಸು. ಮೈಗೆ ಅಕ್ರಿಲಿಕ್ ನೂಲು, ಮರಳು ಬಣ್ಣ ಒಂದು, ಕಂದು ಒಂದು. ಬಿಳಿ ರಬ್ಬರ್ ಕಾಲು, ಕೆಂಪು ಮಾರ್ಕರ್, ಸೂಪರ್ ಗ್ಲೂ. ನೂಲನ್ನು ಕೊಳ್ಳುವಾಗ ಒಂದು ತುಂಡನ್ನು ನೀರಲ್ಲಿ ಅದ್ದಿ ಹಿಂಡಿ ನೋಡಿ. ನೀರು ಕುಡಿದು ತಕ್ಷಣ ಮುಳುಗಿದರೆ ಒಳ್ಳೆಯದು, ಗುಳ್ಳೆ ಹಿಡಿದುಕೊಂಡು ಮೇಲೆ ನಿಂತರೆ ಅದು ಸ್ವೆಟರಿಗೇ ಇರಲಿ.

ಕಣ್ಣಿನ ತೂಕವೇ ಈ ಫ್ಲೈಯ ಪ್ರಾಣ. ಅರ್ಧ ಮೀಟರಿಗಿಂತ ಕಡಿಮೆ ನೀರಿಗೆ 1/50 ಔನ್ಸ್, ಅಂದರೆ ಸುಮಾರು 0.57 ಗ್ರಾಂ. ಒಂದು ಮೀಟರ್ ತನಕ 1/36 ಔನ್ಸ್, 0.79 ಗ್ರಾಂ. ಅದಕ್ಕೂ ಆಳಕ್ಕೆ, ಅಥವಾ ಸೆಳೆತ ಜೋರಿದ್ದಾಗ 1/24 ಔನ್ಸ್, 1.18 ಗ್ರಾಂ. ಮೂರು ತೂಕದಲ್ಲೂ ಕಟ್ಟಿಟ್ಟು, ಯಾವುದು ಯಾವುದೆಂದು ದಾರದ ಬಣ್ಣದಿಂದ ಗುರುತಾಗುವಂತೆ ಮಾಡಿಕೊಳ್ಳಿ. ದೋಣಿಯ ಮೇಲೆ ಮೀನು ಕಂಡ ಹೊತ್ತಿನಲ್ಲಿ ಕೈಯಲ್ಲಿ ತೂಗಿ ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ಒಂದೇ ಏಡಿಯನ್ನು ಮೂರು ತೂಕದಲ್ಲಿ ಇಟ್ಟುಕೊಂಡವರು ಹತ್ತು ಬಗೆಯ ಏಡಿಯನ್ನು ಒಂದೇ ತೂಕದಲ್ಲಿ ಇಟ್ಟುಕೊಂಡವರಿಗಿಂತ ಒಳ್ಳೆಯ ಸ್ಥಿತಿಯಲ್ಲಿರುತ್ತಾರೆ.

ಕೊಕ್ಕೆಯನ್ನು ವೈಸ್ ಎಂಬ ಹಿಡಿತದ ಉಪಕರಣದಲ್ಲಿ ಮೊನೆ ಕೆಳಗೆ ಬರುವಂತೆ ಬಿಗಿದು, ದಂಡಿಯ, ಅಂದರೆ ಕೊಕ್ಕೆಯ ನೇರ ಭಾಗದ, ಉದ್ದಕ್ಕೂ ದಾರ ಸುತ್ತಿ ಹಾಸು ಮಾಡಿ. ಬರಿಯ ಲೋಹದ ಮೇಲೆ ಏನು ಕಟ್ಟಿದರೂ ಆಮೇಲೆ ತಿರುಗುತ್ತದೆ. ಕೊಕ್ಕೆಯ ಉಂಗುರದಿಂದ 3 ಮಿ.ಮೀ. ಹಿಂದೆ ದಂಡಿಯ ಮೇಲ್ಭಾಗದಲ್ಲಿ ಸೀಸದ ಕಣ್ಣಿಟ್ಟು, ಇಂಗ್ಲಿಷ್ 8ರ ಆಕಾರದಲ್ಲಿ ಹತ್ತು ಹನ್ನೆರಡು ಸುತ್ತು ಹಾಕಿ. ನಂತರ ಕಣ್ಣಿನ ಬುಡದಲ್ಲಿ, ದಂಡಿಗೂ ಕಣ್ಣಿಗೂ ನಡುವೆ, ಬುಗುರಿಗೆ ಚಾಟಿ ಸುತ್ತಿದಂತೆ ಅಡ್ಡಡ್ಡ ನಾಲ್ಕೈದು ಸುತ್ತು. ಈ ಅಡ್ಡ ಸುತ್ತುಗಳೇ ಸಡಿಲಾದ 8ನ್ನು ಬಿಗಿ ಮಾಡುವುದು. ಒಂದು ಹನಿ ಅಂಟು ಬಿಟ್ಟು ಒಣಗಲು ಬಿಡಿ. ಭಾರ ಮೇಲೆ ಕೂತಿರುವುದರಿಂದ ನೀರಿಗೆ ಬಿದ್ದ ಫ್ಲೈ ಮಗುಚಿಕೊಂಡು ಮೊನೆ ಮೇಲಾಗಿ ಇಳಿಯುತ್ತದೆ, ತಳದ ಹುಲ್ಲಿಗೂ ಹವಳಕ್ಕೂ ಸಿಕ್ಕಿಕೊಳ್ಳುವುದು ಕಡಿಮೆ.

ದಾರವನ್ನು ಹಿಂದಕ್ಕೆ, ಕೊಕ್ಕೆ ಬಾಗುವ ಜಾಗಕ್ಕೆ ಒಯ್ದು ಅಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ದಾರದ ಉಂಡೆ ಮಾಡಿ. ಮಿಂಚುಪಟ್ಟಿ ಕಟ್ಟಿ. ಆಮೇಲೆ ಗರಿಗಳನ್ನು ಆ ಕಡೆ ಮೂರು, ಈ ಕಡೆ ಮೂರು, ಉಬ್ಬುಮುಖ ಒಳಗೆ, ತುದಿ ಹೊರಕ್ಕೆ ಬಾಗುವಂತೆ ಉಂಡೆಗೆ ಒರಗಿಸಿ ಕಟ್ಟಿ. ಉದ್ದ 2 ಸೆಂ.ಮೀ. ಸಾಕು. ಇವೇ ಏಡಿಯ ಇಕ್ಕಳ. ಮೂತಿಯ ಭಾರದಿಂದ ಫ್ಲೈ ತಳಕ್ಕೆ ಮುಖ ಕೊಟ್ಟು ಇಳಿಯುವಾಗ ಈ ಗರಿಗಳು ಮೇಲೆದ್ದು ನಿಲ್ಲುತ್ತವೆ. ಇಕ್ಕಳ ಎತ್ತಿ ನಿಂತ ಏಡಿಯ ನಿಲುವು ಹೀಗೆ ತಾನಾಗಿಯೇ ಬರುತ್ತದೆ. ಇಷ್ಟು ಸರಳವಾದ ಉಪಾಯ ಇಷ್ಟು ಚೆನ್ನಾಗಿ ಕೆಲಸ ಮಾಡುವುದನ್ನು ನೀರಲ್ಲಿ ನೋಡುವುದೇ ಒಂದು ಸಂತೋಷ.

ಈಗ ಮೈ. 5 ಸೆಂ.ಮೀ. ಉದ್ದದ ನೂಲಿನ ತುಂಡುಗಳು ಏಳೋ ಎಂಟೋ ಬೇಕು. ಒಂದು ಮರಳು ಬಣ್ಣ, ಒಂದು ಕಂದು, ಹೀಗೆ ಪಟ್ಟೆಪಟ್ಟೆಯಾಗಿ. ಮೊದಲ ತುಂಡನ್ನು ದಂಡಿಗೆ ಅಡ್ಡವಾಗಿಟ್ಟು ಓರೆಯಾಗಿ ಎರಡು ಸುತ್ತು, ಎದುರು ಓರೆಗೆ ಎರಡು ಸುತ್ತು, ಬಿಗಿಯಾಗಿ ಎಳೆಯಿರಿ. ಹೆಬ್ಬೆರಳಿನ ಉಗುರಿನಿಂದ ಹಿಂದಕ್ಕೆ ಒತ್ತಿ ಮುಂದಿನದು ಕಟ್ಟಿ. ಎಲ್ಲ ತುಂಡುಗಳೂ ಕಣ್ಣು ಕಟ್ಟಿದ ಮಗ್ಗುಲಲ್ಲೇ ಇರಬೇಕು, ಮೊನೆಯ ಕಡೆ ನುಸುಳಬಾರದು. ನುಸುಳಿದರೆ ಕೊಕ್ಕೆಯ ಬಾಯಿ ಮುಚ್ಚಿಹೋಗುತ್ತದೆ, ಮೀನು ಕಚ್ಚಿದರೂ ಚುಚ್ಚುವುದಿಲ್ಲ. ಒತ್ತುವುದರಲ್ಲೂ ಹದ ಬೇಕು. ಹೊಸಬರು ಹನ್ನೆರಡು ತುಂಡು ತುರುಕಿ ಗಟ್ಟಿ ದಿಂಬು ಮಾಡುತ್ತಾರೆ. ನೀರು ಒಳಗೆ ಹೋಗದ ಆ ದಿಂಬು ಮೊದಲು ತೇಲುತ್ತದೆ, ನೆನೆದ ಮೇಲೆ ಬೀಸಲಾಗದಷ್ಟು ಭಾರವಾಗುತ್ತದೆ. ಬೆಳಕಿಗೆ ಹಿಡಿದರೆ ಎಳೆಗಳ ನಡುವೆ ಅಲ್ಲಲ್ಲಿ ಕಿಂಡಿ ಕಾಣಬೇಕು.

ರಬ್ಬರ್ ಕಾಲುಗಳನ್ನು ಪಟ್ಟೆಗಳ ಸಂದಿಯಲ್ಲಿ ದಂಡಿಗೇ ಒಂದು ಸಾದಾ ಗಂಟು ಹಾಕಿ ಬಿಗಿದರೆ ಸಾಕು. ಮೂರು ತುಂಡು ಕಟ್ಟಿದರೆ ಆರು ಕಾಲು. ಮೈಯಿಂದ ಆಚೆ ಒಂದು, ಒಂದೂವರೆ ಸೆಂ.ಮೀ. ಚಾಚಿಕೊಂಡಿರಲಿ, ತುದಿಗೆ ಕೆಂಪು ಹಚ್ಚಿ. ಉದ್ದ ಕಾಲು ಮೇಜಿನ ಮೇಲೆ ಜೀವಂತವಾಗಿ ಕಾಣುತ್ತದೆ, ಗಾಳಿಯಲ್ಲಿ ಗಿರಗಿಟ್ಟಲೆಯಾಗುತ್ತದೆ.

ಕಣ್ಣಿನ ಮುಂದೆ ದಾರ ಮುಗಿಸಿ ಅಂಟು ಹಾಕಿದ ಮೇಲೆ ಬರುವ ಕತ್ತರಿ ಕೆಲಸಕ್ಕೆ ಆತುರ ಬೇಡ. ಮೊದಲು ನೂಲನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ ಹುರಿ ಬಿಡಿಸಿ. ರಬ್ಬರ್ ಕಾಲುಗಳನ್ನು ಹಿಂದಕ್ಕೆ ಹಿಡಿದುಕೊಂಡು, ಉದ್ದ ಅಲಗಿನ ಕತ್ತರಿಯಿಂದ ಒಂದು ಪಕ್ಕವನ್ನು ಒಂದೇ ಬಾಗಿನಲ್ಲಿ ಕತ್ತರಿಸಿ, ಅದನ್ನು ಅಳತೆಯಾಗಿಟ್ಟುಕೊಂಡು ಇನ್ನೊಂದು ಪಕ್ಕ. ಅಗಲ 25 ಮಿ.ಮೀ. ಆಸುಪಾಸು ಇದ್ದರೆ 2 ನಂಬರ್ ಕೊಕ್ಕೆಗೆ ಸರಿ. ಪೂರ್ತಿ ದುಂಡಗೆ ಬೇಡ, ತುಸು ಮೊಟ್ಟೆಯಾಕಾರ ಇರಲಿ. ಎರಡು ಪಕ್ಕ ಸಮವಿಲ್ಲದಿದ್ದರೆ ಫ್ಲೈ ಬೀಸುವಾಗ ಸುತ್ತುತ್ತದೆ, ಫ್ಲೈಗೆ ಕಟ್ಟಿದ ತೆಳು ಟಿಪ್ಪೆಟ್ ದಾರ ಹುರಿಗೊಳ್ಳುತ್ತದೆ, ಹುರಿಗೊಂಡ ದಾರ ನೀರಲ್ಲಿ ಬಿಚ್ಚಿಕೊಳ್ಳುತ್ತಾ ಏಡಿಯನ್ನು ಬುಗುರಿಯ ಹಾಗೆ ತಿರುಗಿಸುತ್ತದೆ. ಪರ್ಮಿಟ್ ಅಂಥದ್ದನ್ನು ಮುಟ್ಟುವುದಿಲ್ಲ. ಆಮೇಲೆ ಮೊನೆಯ ಕಡೆಯಿಂದ ನೋಡಿ, ಕೊಕ್ಕೆಯ ಬಾಯೊಳಗೆ ಇಣುಕುವ ಎಳೆಗಳನ್ನೆಲ್ಲ ಬುಡಕ್ಕೆ ಕತ್ತರಿಸಿ.

ಹುಲ್ಲು ಹೆಚ್ಚಿರುವ ಜಾಗಕ್ಕೆ ಬಿರುಸಾದ ಒಂಟಿ ಎಳೆಯ ನೈಲಾನ್ (ಮೊನೊ) ದಾರದ, ಸುಮಾರು 20 ಪೌಂಡ್ ತಾಳುವಂಥದು, ವಿ ಆಕಾರದ ಎರಡು ಕಡ್ಡಿಗಳನ್ನು ಉಂಗುರದ ಹಿಂದೆ ಕಟ್ಟಿ ಮೊನೆಗಿಂತ ಕೂದಲೆಳೆಯಷ್ಟು ಉದ್ದ ಬಿಡಬಹುದು. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಮಡಚಬೇಕು. ಮಡಚದಿದ್ದರೆ ಅದು ಹುಲ್ಲನ್ನಲ್ಲ, ಮೀನನ್ನು ತಡೆಯುತ್ತದೆ. ಬರಿಯ ಮರಳಿನ ಮೇಲೆ ಇದು ಬೇಡವೇ ಬೇಡ.

ಫ್ಲೈ ಪೆಟ್ಟಿಗೆ ಸೇರುವ ಮುನ್ನ ಬಕೆಟ್ ಪರೀಕ್ಷೆ ಆಗಲೇಬೇಕು. ಬಕೆಟ್ಟಿಗೆ ಉಪ್ಪು ಕಲಸಿದ ನೀರು ತುಂಬಿ. ಫ್ಲೈಯನ್ನು ನೀರೊಳಗೆ ಹಿಂಡಿ ಗುಳ್ಳೆ ಬಿಡಿಸಿ, ನಂತರ ಮೊನೆ ಮೇಲಾಗಿ, ಕೆಳಗಾಗಿ, ಪಕ್ಕಕ್ಕೆ ಹೀಗೆ ಬೇರೆಬೇರೆ ಬಗೆಯಲ್ಲಿ ಹತ್ತು ಸಲ ಬಿಡಿ. ಹತ್ತೂ ಸಲ ಮೂತಿ ಮೊದಲಾಗಿ ಇಳಿದು ಮೊನೆ ಮೇಲಾಗಿ ಕೂರಬೇಕು. ಎಂಟು ಸಲ ಕೂತರೆ ಪಾಸಲ್ಲ, ಏಕೆಂದರೆ ಮೀನು ನೋಡುವುದು ಉಳಿದ ಎರಡರಲ್ಲಿ ಒಂದಾಗಿರಬಹುದು. ಬೆನ್ನ ಮೇಲೆ ಬೀಳುತ್ತಿದ್ದರೆ ಮೈ ಅಗಲವಾಯಿತು ಅಥವಾ ಕಣ್ಣು ಹಗುರವಾಯಿತು. ಸುತ್ತಲೂ ಒಂದೊಂದು ಮಿ.ಮೀ. ಕತ್ತರಿಸಿ ಮತ್ತೆ ಬಿಡಿ. ಎಲೆಯಂತೆ ಅತ್ತಿತ್ತ ತೂಗುತ್ತಾ ಇಳಿದರೂ ಅದೇ ಮದ್ದು. ಸದಾ ಒಂದೇ ಪಕ್ಕಕ್ಕೆ ವಾಲಿದರೆ ಕಣ್ಣು ಓರೆಯಾಗಿ ಕೂತಿದೆ. ಅಂಟು ಒಣಗಿದ ಮೇಲೆ ಅದನ್ನು ತಿರುಚಿ ಸರಿ ಮಾಡಲಾಗದು, ಬ್ಲೇಡಿನಿಂದ ಬಿಚ್ಚಿ ಕೊಕ್ಕೆ ಉಳಿಸಿಕೊಳ್ಳಿ. ಗುಂಡಿನಂತೆ ನೇರ ಬಿದ್ದು ತಳಕ್ಕೆ ಬಡಿದರೆ ತೂಕ ಜಾಸ್ತಿ. ಸರಿಯಾದದ್ದು ಓರೆಯಾಗಿ ಜಾರುತ್ತಾ ಇಳಿಯುತ್ತದೆ, ತಳ ಮುಟ್ಟಿದ ಮೇಲೆ ಅದರ ಕಾಲುಗಳು ಒಂದು ಕ್ಷಣ ಇನ್ನೂ ಅಲ್ಲಾಡುತ್ತಿರುತ್ತವೆ.

ಬಣ್ಣಕ್ಕೆ ನಿಯಮ ಒಂದೇ, ತಳವನ್ನು ನೋಡಿ ಆರಿಸುವುದು. ಬಿಳಿ ಮರಳಿಗೆ ಕೆನೆ ಮತ್ತು ಮರಳು ಬಣ್ಣ, ಹುಲ್ಲಿನ ಬಯಲಿಗೆ ಆಲಿವ್ ಮತ್ತು ಕಂದು. ಮೂಳೆಮೀನು ಅನ್ನಬಹುದಾದ ಬೋನ್‌ಫಿಶ್‌ಗೆ ಇದೇ ಏಡಿಯನ್ನು 6 ನಂಬರ್ ಕೊಕ್ಕೆಯಲ್ಲಿ, ಸೀಸದ ಬದಲು ಮಣಿಸರಪಳಿಯ ಕಣ್ಣಿಟ್ಟು ಕಟ್ಟಿ, ಪಾದ ಮುಳುಗುವಷ್ಟೇ ನೀರಲ್ಲಿ ಸದ್ದಿಲ್ಲದೆ ಇಳಿಸಬಹುದು. ಹಿಂದೂ ಮಹಾಸಾಗರದ ಸೆಶೆಲ್ಸ್‌ನಲ್ಲಿ ಅಲ್ಫ್ಲೆಕ್ಸೊ ಎಂಬ ಏಡಿ ಫ್ಲೈ ಬೇರೆಯೇ ದಾರಿ ಹಿಡಿದಿದೆ. ವಿದ್ಯುತ್ ತಂತಿಗಳಿಗೆ ಹೊದಿಸುವ ಹೆಣೆದ ಪ್ಲಾಸ್ಟಿಕ್ ಕೊಳವೆಯನ್ನು ಚಪ್ಪಟೆ ಮಾಡಿ ಅದರ ಚಿಪ್ಪು ಮಾಡುತ್ತಾರೆ, ಜಾಲರಿಯ ಒಳಗಿಂದ ನೀರು ಹಾದುಹೋಗುವುದರಿಂದ ಬೇಗ ಇಳಿಯುತ್ತದೆ. ಹವಳ ಕಡಿಯುವ ಹಲ್ಲಿನ ಟ್ರಿಗರ್‌ಫಿಶ್ ಇರುವಲ್ಲಿ ನೂಲಿನ ಏಡಿ ಒಂದೇ ಮೀನಿಗೆ ಚಿಂದಿಯಾಗುತ್ತದೆ, ಇದು ತಾಳುತ್ತದೆ.

ನೀರಿಗಿಳಿದ ಮೇಲೆ 9 ಅಥವಾ 10 ನಂಬರ್ ರಾಡ್, ಬಿಸಿನಾಡಿಗೆಂದೇ ಮಾಡಿದ ತೇಲುವ ಲೈನ್, ಲೈನಿಗೂ ಫ್ಲೈಗೂ ನಡುವೆ 12 ಅಡಿಯ ಲೀಡರ್ ದಾರ, ಅದರ ಕೊನೆಗೆ 16ರಿಂದ 20 ಪೌಂಡ್ ತಾಳುವ ಫ್ಲೋರೋಕಾರ್ಬನ್ ಟಿಪ್ಪೆಟ್. ಫ್ಲೈಯನ್ನು ಬಿಗಿಗಂಟಿನಿಂದ ಕಟ್ಟಬೇಡಿ, ಜಾರದ ಕುಣಿಕೆ ಗಂಟು ಹಾಕಿ. ಬಿಗಿಗಂಟಿದ್ದರೆ ಗಡುಸು ದಾರವೇ ಮೂತಿಯನ್ನು ಎತ್ತಿ ಹಿಡಿಯುತ್ತದೆ, ಬಕೆಟ್ಟಿನಲ್ಲಿ ಮಾಡಿದ ಕೆಲಸವೆಲ್ಲ ನೀರುಪಾಲು. ಮೊದಲ ಎಸೆತಕ್ಕೆ ಮುಂಚೆ ಫ್ಲೈಯನ್ನು ನೀರಲ್ಲದ್ದಿ ಚೆನ್ನಾಗಿ ಹಿಂಡುವುದನ್ನು ಮರೆಯಬಾರದು. ಒಣ ಏಡಿ ನೀರ ಮೇಲೆ ಎರಡು ಸೆಕೆಂಡ್ ಕೂತರೂ ಆ ಮೀನು ಹೋಯಿತು.

ಬಾಲವೆತ್ತಿ ಮೇಯುವ ಮೀನು ತನ್ನ ಮೂತಿಯ ಸುತ್ತ ಮೊಳದಷ್ಟನ್ನೇ ನೋಡುತ್ತಿರುತ್ತದೆ, ಹಾಗಾಗಿ ಫ್ಲೈ ಅಷ್ಟು ಹತ್ತಿರವೇ ಬೀಳಬೇಕು. ತೇಲಿ ಹೋಗುವ ಮೀನಿಗಾದರೆ ಅದರ ದಾರಿಯಲ್ಲಿ ಒಂದೂವರೆ ಎರಡು ಮೀಟರ್ ಮುಂದೆ. ತೊರಕೆಯೊಂದು ಕೆಸರೆಬ್ಬಿಸುತ್ತಾ ಹೋಗುತ್ತಿದ್ದರೆ ಅದರ ಬೆನ್ನಹಿಂದೆ ಪರ್ಮಿಟ್ ಇದೆಯೇ ನೋಡಿ. ತೊರಕೆ ಎಬ್ಬಿಸಿದ ಏಡಿ ಹಿಡಿಯಲು ಅದು ಜೊತೆಗೇ ತಿರುಗುತ್ತದೆ, ಅಲ್ಲಿ ಅದರ ಅನುಮಾನವೂ ಕಡಿಮೆ. ಫ್ಲೈ ತೊರಕೆಯ ಅಂಚಿಗೇ ಬೀಳಲಿ. ಎಲ್ಲ ಕಡೆಯೂ ಒಂದು ಎಚ್ಚರ ಬೇಕು: ಎಳೆದಾಗ ಫ್ಲೈ ಮೀನಿನ ಕಡೆಗೆ ಬರುವಂಥ ಕೋನದಲ್ಲಿ ಎಸೆಯಬಾರದು. ಯಾವ ಏಡಿಯೂ ತನ್ನನ್ನು ತಿನ್ನುವವನ ಬಾಯಿಗೆ ಓಡುವುದಿಲ್ಲ.

ಫ್ಲೈ ಬಿದ್ದ ಮೇಲೆ ಬಿಟ್ಟುಬಿಡಿ, ಇಳಿಯಲಿ. ಮೀನು ಗಮನಿಸದಿದ್ದರೆ ಒಂದೇ ಒಂದು ಸಲ ನಿಧಾನವಾಗಿ ಉದ್ದಕ್ಕೆ ಎಳೆದು ಮತ್ತೆ ಬಿಡಿ. ಅದು ತಿರುಗಿ ಹಿಂಬಾಲಿಸಿದರೆ ಕೈ ತಾನಾಗಿಯೇ ಎಳೆಯಲು ಹವಣಿಸುತ್ತದೆ, ಕಷ್ಟವಿರುವುದು ಅಲ್ಲೇ. ಸೀಗಡಿ ಫ್ಲೈಯ ಅಭ್ಯಾಸವಾದವರು ಕುಟುಕುಟು ಎಳೆದು ಏಡಿಯನ್ನು ಕುಣಿಸಿ ಮೀನನ್ನು ಓಡಿಸುತ್ತಾರೆ. ಮಾಡಬೇಕಾದದ್ದು ಲೈನಿನ ಸಡಿಲ ತೆಗೆದುಕೊಂಡಿರುವುದು ಮಾತ್ರ, ಫ್ಲೈ ಅಲುಗಬಾರದು. ಆಗ ಮೀನು ತಲೆ ತಗ್ಗಿಸುತ್ತದೆ, ಬಾಲ ಮೇಲೇಳುತ್ತದೆ, ಮೈ ಒಮ್ಮೆ ನಡುಗಿದಂತಾಗುತ್ತದೆ. ಕಚ್ಚಿದ್ದರ ಗುರುತು ಅಷ್ಟೇ, ಕೈಗೆ ಏನೂ ತಿಳಿಯದೇ ಇರಬಹುದು. ರಾಡ್ ಎತ್ತಬೇಡಿ. ತುದಿ ನೀರಿನತ್ತಲೇ ಇರಲಿ, ಎಡಗೈಯಿಂದ ಲೈನನ್ನು ಉದ್ದಕ್ಕೆ, ನಿಧಾನವಾಗಿ, ಭಾರ ಸಿಗುವ ತನಕ ಎಳೆಯಿರಿ. ಕಚ್ಚಿಲ್ಲದಿದ್ದರೆ ಏಡಿ ಗೇಣು ದೂರ ಜಾರಿ ಮತ್ತೆ ಕೂತಿರುತ್ತದೆ, ಮೀನಿಗೆ ಇನ್ನೊಂದು ಅವಕಾಶ ಉಳಿಯುತ್ತದೆ. ರಾಡ್ ಎತ್ತಿದರೆ ಅದು ನಡುನೀರಿಗೆ ಹಾರುತ್ತದೆ, ಮೀನು ಮತ್ತೆ ತಿರುಗಿ ನೋಡುವುದಿಲ್ಲ.

ಬೆಲೀಜ್‌ನಲ್ಲಿ 2009ರಿಂದ ಪರ್ಮಿಟ್, ಬೋನ್‌ಫಿಶ್, ಟಾರ್ಪನ್ ಮೂರನ್ನೂ ಹಿಡಿದರೆ ಬಿಟ್ಟುಬಿಡಲೇಬೇಕು ಎಂಬ ಕಾನೂನಿದೆ. ಕಾನೂನಿಲ್ಲದ ಕಡೆಯೂ ಹಾಗೆ ಮಾಡುವುದೇ ಸರಿ. ಕೊಕ್ಕೆಯ ಮುಳ್ಳನ್ನು ಮೊದಲೇ ಇಕ್ಕುಳದಿಂದ ಒತ್ತಿಟ್ಟಿದ್ದರೆ ದಪ್ಪ ತುಟಿಯಿಂದ ಬಿಡಿಸುವುದು ಸುಲಭ. ಬಾಲದ ಬುಡ ಗಟ್ಟಿಯಾಗಿದೆ, ಅಲ್ಲಿ ಹಿಡಿದು, ಹೊಟ್ಟೆಗೆ ಇನ್ನೊಂದು ಕೈ ಕೊಟ್ಟು, ಕಿವಿರು ನೀರೊಳಗೇ ಇರುವಂತೆ ನಿಲ್ಲಿಸಿ. ತಾನಾಗಿ ಒದ್ದು ಹೋಗುವ ತನಕ ಬಿಡಬೇಡಿ.

ಸಂಜೆ ಬಳಸಿದ ಏಡಿಗಳನ್ನೆಲ್ಲ ಸಿಹಿನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಹರಡಿ, ಪೂರ್ತಿ ಒಣಗಿದ ಮೇಲೆಯೇ ಪೆಟ್ಟಿಗೆಗೆ ಹಾಕಿ. ಒಂದು ಒದ್ದೆ ಏಡಿಯ ಉಪ್ಪು ಪಕ್ಕದ ಹತ್ತು ಕೊಕ್ಕೆಗಳಿಗೆ ತುಕ್ಕು ಹಿಡಿಸುತ್ತದೆ. ಬಿಸಿಲಿಗೆ ರಬ್ಬರ್ ಕಾಲು ಅಂಟಂಟಾಗಿ ಒಂದಕ್ಕೊಂದು ಮೆತ್ತಿಕೊಂಡಿದ್ದರೆ ಕತ್ತರಿಸಿ ತೆಗೆದು, ಆ ಸಂದಿಯಲ್ಲೇ ಸೂಜಿಯಿಂದ ಹೊಸದನ್ನು ಪೋಣಿಸಿ, ಬಕೆಟ್ಟಿನಲ್ಲಿ ಇನ್ನೊಮ್ಮೆ ಬಿಟ್ಟು ನೋಡಿ.